ಎಲ್ಕ್‌ಗೆ ಕೈತುತ್ತು ಕೊಟ್ಟರೆ ಏನಾಗುತ್ತದೆ?

ಅಮೆರಿಕದ ಕೊಲರಾಡೊ ರಾಜ್ಯದ ಬೆಟ್ಟದೂರು ಎಸ್ಟೆಸ್ ಪಾರ್ಕ್‌ನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ನೋಡಲು ಕಾಡು ಹೊಗಬೇಕಾಗಿಲ್ಲ. ಡೆನ್ವರ್‌ನಿಂದ ಒಂದೂವರೆ ಗಂಟೆ ಬೆಟ್ಟದ ದಾರಿ ಹಿಡಿದು ಊರು ಮುಟ್ಟಿದರೆ ಸಾಕು. ಗಾಲ್ಫ್ ಮೈದಾನದಲ್ಲಿ, ಕೆರೆಯ ದಂಡೆಯಲ್ಲಿ, ಅಂಗಡಿಗಳ ಮುಂದಿನ ಪಾರ್ಕಿಂಗ್ ಜಾಗದಲ್ಲಿ, ಲಾಡ್ಜುಗಳ ಅಂಗಳದಲ್ಲಿ ಅವೇ ಎದುರಾಗುತ್ತವೆ. ಸೆಪ್ಟೆಂಬರ್ ಬಂತೆಂದರೆ ಇಲ್ಲಿನ ಕನ್ನಡದ ಮನೆಯವರು ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಅಲ್ಲಿಗೆ ಕರೆದೊಯ್ಯುವುದು ವಾಡಿಕೆ. ಆಮೇಲೆ ವಾಟ್ಸಾಪ್‌ನಲ್ಲಿ ಫೋಟೊಗಳು ಬರುತ್ತವೆ. ಸೇಬಿನ ಹೋಳು ಹಿಡಿದು ಕೈ ಚಾಚಿದ ಮಗು, ಅದರತ್ತ ಕತ್ತು ನೀಡಿದ ಎಲ್ಕ್. ನೋಡಿದವರಿಗೆಲ್ಲ ಹಿಡಿಸುವ ಚಿತ್ರ. ಆ ಹೋಳು ಬಾಯಿಗೆ ಹೋದಮೇಲೆ ಆ ಪ್ರಾಣಿಗೆ ಏನೇನಾಗುತ್ತದೆ ಎಂಬುದು ಮಾತ್ರ ಫೋಟೊದಲ್ಲಿ ಬರುವುದಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ.

ಎಲ್ಕ್ ನಮ್ಮ ಕಡವೆ, ಚುಕ್ಕೆಜಿಂಕೆಗಳ ಕುಟುಂಬದ್ದೇ ಪ್ರಾಣಿ. ಬಲಿತ ಗಂಡು ಸುಮಾರು 320 ಕಿಲೊ ತೂಗುತ್ತದೆ, ಹೆಗಲ ಮಟ್ಟಕ್ಕೇ ಒಂದೂವರೆ ಮೀಟರ್ ಎತ್ತರ. ಹೆಣ್ಣು 225 ಕಿಲೊ ಆಸುಪಾಸು. ಗಂಡಿನ ತಲೆಯ ಮೇಲಿನ ಕವಲುಗೊಂಬಿನ ಜೋಡಿಯೇ 13-14 ಕಿಲೊ ಇರುತ್ತದೆ. ಅದು ಪ್ರತಿವರ್ಷ ಚಳಿಗಾಲ ಕಳೆಯುವ ಹೊತ್ತಿಗೆ ಉದುರಿ, ಬೇಸಿಗೆಯಲ್ಲಿ ಹೊಸದಾಗಿ ಬೆಳೆಯುತ್ತದೆ.

ಇಷ್ಟು ದೊಡ್ಡ ಕಾಡುಪ್ರಾಣಿ ಊರೊಳಗೆ ಯಾಕಿದೆ? ಹತ್ತೊಂಬತ್ತನೆಯ ಶತಮಾನದಲ್ಲಿ ಗಣಿ ಊರುಗಳ ಮಾಂಸದ ವ್ಯಾಪಾರಕ್ಕಾಗಿ ನಡೆದ ಬೇಟೆಯಿಂದ ಈ ಕಣಿವೆಯ ಎಲ್ಕ್ ಹೆಚ್ಚುಕಡಿಮೆ ನಿರ್ನಾಮವಾಗಿತ್ತು. 1913-14ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಕಡೆಯಿಂದ ಕೆಲವನ್ನು ತಂದು ಬಿಟ್ಟರು. 1915ರಲ್ಲಿ ಪಕ್ಕದಲ್ಲೇ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ ಆಯಿತು, ಅದರೊಳಗೆ ಬೇಟೆ ನಿಂತಿತು. ಎಲ್ಕ್ ಹಿಂಡನ್ನು ಹತೋಟಿಯಲ್ಲಿಡುತ್ತಿದ್ದ ತೋಳಗಳು ಅಷ್ಟರಲ್ಲಾಗಲೇ ಮುಗಿಯುತ್ತ ಬಂದಿದ್ದವು. ಊರಲ್ಲಿ ನೀರು ಗೊಬ್ಬರ ಹಾಕಿ ಬೆಳೆಸಿದ ಹುಲ್ಲು, ಬೆಟ್ಟದ ಹುಲ್ಲು ಒಣಗಿದಮೇಲೂ ಹಸಿರಾಗಿರುತ್ತದೆ. ಮೇವು ಹೇರಳ, ಅಟ್ಟಿಸಿಕೊಂಡು ಬರುವವರು ಯಾರೂ ಇಲ್ಲ. ಎಲ್ಕ್ ಊರು ಸೇರಿದ್ದು ಹೀಗೆ. ಯೆಲ್ಲೋಸ್ಟೋನ್‌ನ ಮ್ಯಾಮತ್ ಬಿಸಿನೀರ ಬುಗ್ಗೆಗಳ ಬಳಿಯೂ ಹಾಗೆಯೇ, ಕಟ್ಟಡಗಳ ನಡುವಿನ ಹುಲ್ಲಿನಲ್ಲಿ ಹೆಣ್ಣು ಎಲ್ಕ್‌ಗಳು ಮಲಗಿ ಮೆಲುಕು ಹಾಕುತ್ತಿರುತ್ತವೆ. 1995ರಲ್ಲಿ ಅಲ್ಲಿಗೆ ತೋಳಗಳನ್ನು ಮತ್ತೆ ತಂದಮೇಲಂತೂ ಮನುಷ್ಯರ ಹತ್ತಿರ ಇರುವುದು ಅವಕ್ಕೆ ಒಂದು ರಕ್ಷಣೆಯೂ ಆಗಿದೆ, ಏಕೆಂದರೆ ತೋಳ ಜನ ಇರುವಲ್ಲಿಗೆ ಸುಲಭಕ್ಕೆ ಬರುವುದಿಲ್ಲ.

ಹಾಗಾಗಿ ಹತ್ತು ಹೆಜ್ಜೆ ದೂರದಲ್ಲಿ ನಿರುಮ್ಮಳವಾಗಿ ಮೇಯುವ ಎಲ್ಕ್ ಸಾಕುಪ್ರಾಣಿಯಂತೆ ಕಂಡರೂ ಅದು ಪಳಗಿದ ಪ್ರಾಣಿ ಖಂಡಿತ ಅಲ್ಲ. ಜನ ಸುಮ್ಮನೆ ಹಾದುಹೋಗುತ್ತಾರೆ, ಓಡಿ ಶಕ್ತಿ ಕಳೆದುಕೊಳ್ಳುವುದು ದಂಡ ಎಂದು ಕಲಿತಿದೆ, ಅಷ್ಟೆ. ಈ ಮಟ್ಟದ ರೂಢಿಯಿಂದ ದೊಡ್ಡ ಅಪಾಯವಿಲ್ಲ. ತಿನಿಸು ನಡುವೆ ಬಂದಾಗ ಎಲ್ಲವೂ ಬದಲಾಗುತ್ತದೆ.

ಅಮ್ಮ ಬಂದಿದ್ದಾಗ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಸಾಗರದ ಕಡೆಯ ಹಳ್ಳಿಯಲ್ಲಿ ಕೊಟ್ಟಿಗೆ ತುಂಬ ದನ ಸಾಕಿದವಳು ಅವಳು. ಕೆರೆಯ ದಂಡೆಯಲ್ಲಿ ಒಂದು ಕುಟುಂಬ ಹೆಣ್ಣು ಎಲ್ಕ್ ಒಂದಕ್ಕೆ ಬ್ರೆಡ್ಡು ಹಿಡಿದು ನಿಂತಿತ್ತು. ತಂದೆಯ ಒಂದು ಕೈಲಿ ಬ್ರೆಡ್ಡು, ಇನ್ನೊಂದರಲ್ಲಿ ಫೋನು. ಅವರ ಕಾಲ ಬಳಿ ಐದಾರು ವರ್ಷದ ಹುಡುಗಿ. ಎಲ್ಕ್ ಎರಡು ತುಂಡು ತಿಂದಿತು. ಮೂರನೆಯದು ತಡವಾಯಿತು. ಅದು ತಲೆ ಎತ್ತಿತು, ಕಿವಿ ಹಿಂದಕ್ಕೆ ಒತ್ತಿಕೊಂಡಿತು, ಮೇಲ್ದುಟಿ ಸ್ವಲ್ಪ ಮಡಚಿತು. ಕಟಕಟ ಹಲ್ಲು ಕಡಿದ ಸದ್ದು ನಮಗೂ ಕೇಳಿಸಿತು. ಅದು ನಗುತ್ತಿದೆ ಎಂದು ಅವರೆಲ್ಲ ಖುಷಿಪಟ್ಟರು.

ಅಮ್ಮ ನನ್ನ ತೋಳು ಹಿಡಿದಳು. "ಆ ಮಗೂನ ಈಚೆ ಕರ್ಕೊಳ್ಳೋಕೆ ಹೇಳು, ಬೇಗ."

"ಯಾಕಮ್ಮ?"

"ಕಿವಿ ನೋಡು ಅದರದ್ದು. ಹಾಯೋ ದನ ನಾ ನೋಡಿಲ್ವಾ?"

ನಾನು ಹೋಗಿ ಹೇಳಿದೆ, ಅವರು ಮಗುವನ್ನು ಎತ್ತಿಕೊಂಡು ಕಾರಿನತ್ತ ಸರಿದರು. ಎಲ್ಕ್ ಕೆಲವು ಹೆಜ್ಜೆ ಅವರ ಹಿಂದೆಯೇ ಹೋಗಿ ನಿಂತಿತು.

ಅಮ್ಮ ಎಲ್ಕ್ ನೋಡಿದ್ದು ಅದೇ ಮೊದಲು. ಆದರೂ ಅವಳು ಓದಿದ ಸೂಚನೆ ಸರಿಯಾಗಿತ್ತು. ಎಲ್ಕ್‌ನ ಮೇಲ್ದವಡೆಯಲ್ಲಿ ಎರಡು ಗುಂಡಗಿನ ಕೋರೆಹಲ್ಲುಗಳಿವೆ, ಅದರ ಪೂರ್ವಿಕರಿಗಿದ್ದ ಉದ್ದ ಕೋರೆಗಳ ಉಳಿಕೆ. ತುಟಿ ಮಡಚುವುದು ಆ ಹಲ್ಲನ್ನು ತೋರಿಸಿ ಹೆದರಿಸುವ ಚರ್ಯೆ. ತಲೆ ಎತ್ತಿ, ಕಿವಿ ಒತ್ತಿ, ಹಲ್ಲು ಕಡಿದರೆ ಮುಂದಿನದು ಮುಂಗಾಲಿನ ಏಟು. ಹೆಣ್ಣು ಎಲ್ಕ್ ಹಿಂಗಾಲ ಮೇಲೆ ಎದ್ದು ಎರಡೂ ಮುಂಗೊರಸುಗಳಿಂದ ಬಡಿಯುತ್ತದೆ. ಕೊಂಬಿಲ್ಲದ್ದು ಪಾಪದ್ದು ಎಂದುಕೊಳ್ಳುವವರಿಗೆ ಈ ವಿಷಯ ಗೊತ್ತಿರುವುದಿಲ್ಲ.

ಇನ್ನು ಹೊಟ್ಟೆಯ ವಿಷಯ. ಹಸುವಿನಂತೆ ಎಲ್ಕ್ ಕೂಡ ಮೆಲುಕು ಹಾಕುವ ಪ್ರಾಣಿ, ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲನೆಯ ದೊಡ್ಡ ಕೋಣೆ ರೂಮೆನ್. ಎಲ್ಕ್‌ಗೆ ಹುಲ್ಲು, ತೊಗಟೆ, ಕಡ್ಡಿಗಳ ನಾರನ್ನು ತಾನಾಗಿ ಜೀರ್ಣಿಸಿಕೊಳ್ಳುವ ಶಕ್ತಿಯಿಲ್ಲ. ಆ ಕೆಲಸ ರೂಮೆನ್‌ನಲ್ಲಿ ವಾಸವಾಗಿರುವ ಕೋಟ್ಯಂತರ ಸೂಕ್ಷ್ಮಜೀವಿಗಳದ್ದು. ಅವು ನಾರನ್ನು ನಿಧಾನವಾಗಿ ಹುದುಗಿಸಿ ಕೊಡುವ ಸತ್ವದಿಂದಲೇ ಎಲ್ಕ್ ಬದುಕುತ್ತದೆ. ಯಾವ ಕಾಲಕ್ಕೆ ಯಾವ ಮೇವೋ ಅದಕ್ಕೆ ತಕ್ಕ ಸೂಕ್ಷ್ಮಜೀವಿಗಳು ಹೆಚ್ಚಿಕೊಳ್ಳುತ್ತವೆ. ಬೇಸಿಗೆಯ ಎಳೆಹುಲ್ಲಿನಿಂದ ಚಳಿಗಾಲದ ಒಣ ಕಡ್ಡಿಗೆ ಹೊಂದಿಕೊಳ್ಳಲು ಅವಕ್ಕೆ ಎರಡು ಮೂರು ವಾರ ಬೇಕು.

ಎಸ್ಟೆಸ್ ಪಾರ್ಕ್‌ನ ಸುತ್ತ ಆಸ್ಪೆನ್ ಮರಗಳ ಬುಡ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಬಿಳಿ ತೊಗಟೆಯ ಮರ, ಆದರೆ ನೆಲದಿಂದ ಆಳೆತ್ತರದವರೆಗೆ ಕಪ್ಪು ಹಕ್ಕಳೆ ಕಟ್ಟಿದಂತಿರುತ್ತದೆ. ಚಳಿಗಾಲದಲ್ಲಿ ಎಲ್ಕ್ ಹಲ್ಲಿನಿಂದ ಕೆರೆದು ತೊಗಟೆ ತಿಂದ ಗುರುತು ಅದು. ಹಿಮ ಮುಚ್ಚಿದ ತಿಂಗಳುಗಳಲ್ಲಿ ಅದರ ಹೊಟ್ಟೆ ಇಂಥ ಒರಟು ಮೇವಿಗೆ ಸಜ್ಜಾಗಿರುತ್ತದೆ.

ಆಗ ಯಾರೋ ಕರುಣೆಯಿಂದ ಒಂದು ಬಕೆಟ್ ಮೆಕ್ಕೆಜೋಳ ಸುರಿಯುತ್ತಾರೆ. ಜೋಳದಲ್ಲಿರುವುದು ಪಿಷ್ಟ. ನಾರು ಹುದುಗಿಸುವ ಜೀವಿಗಳಿಗೆ ಅದು ಬೇಡ. ಪಿಷ್ಟ ತಿನ್ನುವ ಬೇರೆ ಬ್ಯಾಕ್ಟೀರಿಯಾಗಳು ಗಂಟೆಗಳಲ್ಲೇ ಮಿತಿಮೀರಿ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ಉಗುಳುತ್ತವೆ. ರೂಮೆನ್ ಹುಳಿಯಾಗುತ್ತದೆ. ಆ ಹುಳಿಗೆ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ಹೊಟ್ಟೆಯ ಒಳಪದರ ಸುಟ್ಟಂತಾಗುತ್ತದೆ. ಮೈಯ ನೀರೆಲ್ಲ ಹೊಟ್ಟೆಗೆ ಇಳಿದು ಪ್ರಾಣಿ ಒಣಗುತ್ತದೆ, ಆಮ್ಲ ರಕ್ತಕ್ಕೂ ಸೇರುತ್ತದೆ. ತೀವ್ರವಾದರೆ ಒಂದೆರಡು ದಿನದಲ್ಲಿ ಸಾವು. ಬದುಕಿ ಉಳಿದರೂ ಗೊರಸಿನೊಳಗೆ ಉರಿಯೂತ ಹಿಡಿದು ಕುಂಟಬಹುದು. ಹೊಟ್ಟೆ ತುಂಬ ಜೋಳವಿದ್ದೂ ಸತ್ತುಬಿದ್ದ ಜಿಂಕೆ, ಎಲ್ಕ್‌ಗಳನ್ನು ಇಲ್ಲಿನ ವನ್ಯಜೀವಿ ಅಧಿಕಾರಿಗಳು ಚಳಿಗಾಲದಲ್ಲಿ ಕಾಣುತ್ತಿರುತ್ತಾರೆ.

ಇದನ್ನು ಅಮ್ಮನಿಗೆ ವಿವರಿಸುತ್ತಿದ್ದಾಗ ಅವಳು ನಡುವೆಯೇ, "ಗೌರಿಗೆ ಆಗಿದ್ದೂ ಇದೇ ಅಲ್ವನೋ" ಎಂದಳು. ಆಚೆಮನೆಯ ಮದುವೆಯ ಮಾರನೆಯ ದಿನ ಮಿಕ್ಕ ಅನ್ನದ ರಾಶಿಗೆ ಬಾಯಿ ಹಾಕಿ ಬಂದ ನಮ್ಮ ಹಸು ಗೌರಿ ಸಂಜೆಯ ಹೊತ್ತಿಗೆ ಮೆಲುಕು ನಿಲ್ಲಿಸಿ, ಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತ ಮಲಗಿತ್ತು. ವೈದ್ಯರು ಬಂದರೂ ಉಳಿಯಲಿಲ್ಲ. ಊರಿನ ಪಶುವೈದ್ಯರಿಗೆ ಮದುವೆ, ಜಾತ್ರೆಗಳ ಮಾರನೆಯ ದಿನ ಇಂಥ ಕರೆ ಬರುವುದು ಹೊಸದಲ್ಲ. ಅನ್ನವಾಗಲಿ ಜೋಳವಾಗಲಿ, ಮೆಲುಕು ಹಾಕುವ ಹೊಟ್ಟೆಗೆ ಒಮ್ಮೆಲೇ ಬಿದ್ದ ಪಿಷ್ಟ ಒಂದೇ ಬಗೆಯ ಕೇಡು ಮಾಡುತ್ತದೆ. ಹಸುವಿಗಾದರೆ ಅಡುಗೆ ಸೋಡಾ ಕುಡಿಸಿ, ಸಲೈನ್ ಏರಿಸಿ ಉಳಿಸಲು ನೋಡಬಹುದು. ಕಾಡಿಗೆ ಮರಳಿದ ಎಲ್ಕ್ ಎಲ್ಲೋ ಪೊದೆಯ ಮರೆಯಲ್ಲಿ ಸಾಯುತ್ತದೆ. ಕೊಟ್ಟವರಿಗೆ ಅದು ತಿಳಿಯುವುದೂ ಇಲ್ಲ.

ಒಂದು ಸೇಬಿನ ಹೋಳಿನಿಂದ ಇಷ್ಟೆಲ್ಲ ಆಗುತ್ತದೆಯೇ ಎಂದು ಕೇಳಬಹುದು. ಒಂದು ಹೋಳಿನಿಂದ ಎಲ್ಕ್ ಸಾಯುವುದಿಲ್ಲ. ಆದರೆ ದಿನಕ್ಕೆ ಎಷ್ಟೋ ಕುಟುಂಬಗಳು ಬಂದು ಹೋಗುವ ಜಾಗದಲ್ಲಿ ಅದು ಒಂದೇ ಹೋಳಾಗಿ ಉಳಿಯುವುದಿಲ್ಲ. ಎಲ್ಕ್‌ನ ನಡತೆಗೆ ಆಗುವ ಹಾನಿಗೆ ಮಾತ್ರ ಒಂದೆರಡು ಹೋಳೇ ಸಾಕು.

ಮನುಷ್ಯರಿಂದ ತನಗೇನೂ ಆಗದು ಎನ್ನುವ ಎಲ್ಕ್ ದೂರ ನಿಂತು ಮೇಯುತ್ತದೆ. ಮನುಷ್ಯನ ಕೈಯಲ್ಲಿ ತಿನಿಸಿದೆ ಎಂದು ಕಲಿತ ಎಲ್ಕ್ ಹತ್ತಿರ ಬರುತ್ತದೆ. ಕೊಡದಿದ್ದರೆ ನೂಕುತ್ತದೆ, ಗೊರಸೆತ್ತುತ್ತದೆ. ಎಲ್ಕ್ ಹಿಂಡಿನಲ್ಲಿ ಮೇವಿಗಾಗಿ ತಳ್ಳಾಡುವುದು ದಿನನಿತ್ಯದ ವ್ಯವಹಾರ, ದೊಡ್ಡದು ಚಿಕ್ಕದನ್ನು ಗೊರಸಿನಿಂದ ಗದರಿಸುತ್ತದೆ. ಮೇವು ಕೊಡುವ ಮನುಷ್ಯ ಅದರ ಲೆಕ್ಕದಲ್ಲಿ ಆ ತಳ್ಳಾಟದೊಳಗಿನವನಾಗಿಬಿಡುತ್ತಾನೆ.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಎರಡು ಪ್ರಕರಣಗಳನ್ನು ಹೇಳಲೇಬೇಕು. ಅಮೆರಿಕದ ಪೂರ್ವದ ಗ್ರೇಟ್ ಸ್ಮೋಕಿ ಪರ್ವತಗಳಲ್ಲಿ ಅಳಿದುಹೋಗಿದ್ದ ಎಲ್ಕ್‌ಗಳನ್ನು 2001-02ರಲ್ಲಿ ಮತ್ತೆ ತಂದು ಬಿಡಲಾಗಿತ್ತು. 2013ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೆಟಲೂಚಿ ಕಣಿವೆಯಲ್ಲಿ ರಸ್ತೆಬದಿ ಕುಳಿತಿದ್ದ ಛಾಯಾಗ್ರಾಹಕರೊಬ್ಬರ ತಲೆಗೆ ಎಳೆಯ ಗಂಡು ಎಲ್ಕ್ ಒಂದು ಮತ್ತೆ ಮತ್ತೆ ಹಾಯ್ದಿತು. ಆ ವಿಡಿಯೊವನ್ನು ಲಕ್ಷಾಂತರ ಜನ ನೋಡಿ ನಕ್ಕರು. ಪ್ರವಾಸಿಗರು ಕೊಟ್ಟ ತಿನಿಸಿನ ರುಚಿ ಆ ಎಲ್ಕ್‌ಗೆ ಮೊದಲೇ ಹತ್ತಿತ್ತು, ಜನರ ಭಯ ಪೂರ್ತಿ ಹೋಗಿತ್ತು. ಮುಂದಿನ ತಿಂಗಳು ಉದ್ಯಾನದವರು ಅದನ್ನು ಕೊಲ್ಲಬೇಕಾಯಿತು. ಕಾಡಿಗೆ ಮರಳಿ ತರಲೆಂದು ಅಷ್ಟು ವರ್ಷ ದುಡಿದವರೇ ಕೊಲ್ಲುವ ಕೆಲಸವನ್ನೂ ಮಾಡಬೇಕಾಗಿ ಬಂದದ್ದು ನನ್ನನ್ನು ತುಂಬ ಕಾಡುತ್ತದೆ.

ಇನ್ನೊಂದು ಅರಿಜೋನದ್ದು. 2023ರ ಅಕ್ಟೋಬರ್ ಕೊನೆಗೆ ಕಿಂಗ್‌ಮನ್ ಬಳಿಯ ಹುವಾಲಪೈ ಬೆಟ್ಟದಲ್ಲಿ ಮಹಿಳೆಯೊಬ್ಬರು ತಮ್ಮ ಹಿತ್ತಿಲಿನಲ್ಲೇ ಎಲ್ಕ್ ತುಳಿತಕ್ಕೆ ಸಿಕ್ಕು, ನವೆಂಬರ್ ಮೊದಲ ವಾರ ತೀರಿಕೊಂಡರು. ನಡೆದದ್ದನ್ನು ಕಂಡವರಿಲ್ಲ. ಅವರ ಹತ್ತಿರ ಚೆಲ್ಲಿದ ಮೆಕ್ಕೆಜೋಳದ ಬಕೆಟ್ ಬಿದ್ದಿತ್ತು. ಎಲ್ಕ್ ದಾಳಿಯಿಂದ ಆ ರಾಜ್ಯದಲ್ಲಿ ಆದ ಮೊದಲ ಸಾವು ಇದಿರಬೇಕು ಎಂದು ಅಲ್ಲಿನ ವನ್ಯಜೀವಿ ಇಲಾಖೆ ಹೇಳಿತು.

ಎಲ್ಲ ದಾಳಿಗೂ ತಿನಿಸೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಎಸ್ಟೆಸ್ ಪಾರ್ಕ್‌ನಲ್ಲೇ 2024ರ ಮೇ ಕೊನೆ ಮತ್ತು ಜೂನ್ ಮೊದಲ ವಾರದಲ್ಲಿ ಇಬ್ಬರು ಮಕ್ಕಳ ಮೇಲೆ ಹೆಣ್ಣು ಎಲ್ಕ್ ಎರಗಿತು. ಒಬ್ಬಳು ಸೈಕಲ್ ಹೊಡೆಯುತ್ತಿದ್ದ ಎಂಟರ ಹುಡುಗಿ, ಇನ್ನೊಬ್ಬ ಆಟದ ಮೈದಾನದಲ್ಲಿದ್ದ ನಾಲ್ಕರ ಹುಡುಗ. ಅವರು ಏನೂ ತಪ್ಪು ಮಾಡಿರಲಿಲ್ಲ. ಮೇ, ಜೂನ್ ಎಲ್ಕ್ ಮರಿ ಹಾಕುವ ಕಾಲ. ಮರಿ ಎಲ್ಲೋ ಹತ್ತಿರದಲ್ಲೇ ಅಡಗಿರುತ್ತದೆ, ತಾಯಿಗೆ ಓಡಿಬರುವ ಮಗು, ನಾಯಿ, ಸೈಕಲ್ ಎಲ್ಲವೂ ಮರಿಗೆ ಬಂದ ಆಪತ್ತಿನಂತೆ ಕಾಣುತ್ತವೆ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವರೆಗೆ ಬೆದೆಗಾಲ, ಆಗ ಗಂಡುಗಳ ಸರದಿ. ಅಷ್ಟು ದೊಡ್ಡ ಮೈಯಿಂದ ಬರುವ ಆ ಸೀಳುಸಿಳ್ಳೆಯಂಥ ಕೂಗು ಕೇಳಲೆಂದೇ ಜನ ಬರುತ್ತಾರೆ. ಹೆಣ್ಣುಗಳ ಹಿಂಡು ಕಾಯುವ ಗಂಡು ಆ ದಿನಗಳಲ್ಲಿ ಸರಿಯಾಗಿ ಮೇಯುವುದೂ ಇಲ್ಲ, ಅಡ್ಡ ಬಂದ ಕಾರಿಗೂ ಹಾಯುತ್ತದೆ. ಹೀಗೆ ವರ್ಷದಲ್ಲಿ ಎರಡು ಬಾರಿ ಸಹಜವಾಗಿಯೇ ಸಿಡುಕುವ ಪ್ರಾಣಿಗೆ ತಿನಿಸಿನ ಆಸೆ ಹಚ್ಚಿ ಮಕ್ಕಳ ಹತ್ತಿರ ಕರೆಯುವುದು ಎಷ್ಟು ಸರಿ?

ಮೂರನೆಯ ಹಾನಿ ಕೊಟ್ಟವರಿಗೂ ತಿಂದದ್ದಕ್ಕೂ ಆ ಹೊತ್ತಿಗೆ ಕಾಣದಂಥದ್ದು. ಕಾಡಿನಲ್ಲಿ ಎಲ್ಕ್ ಹರಡಿಕೊಂಡು ಮೇಯುತ್ತವೆ. ಒಂದೇ ಕಡೆ ತಿನಿಸು ಹಾಕಿದರೆ ಮೂತಿಗೆ ಮೂತಿ ತಾಗಿಸಿ ತಿನ್ನುತ್ತವೆ, ಜೊಲ್ಲು, ಮೂತ್ರ, ಸಗಣಿ ಅಲ್ಲೇ ಬೆರೆಯುತ್ತದೆ. ಜಿಂಕೆ ಕುಲಕ್ಕೆ ತಗಲುವ ಒಂದು ಭೀಕರ ಮಿದುಳುರೋಗಕ್ಕೆ ಇಷ್ಟೇ ಸಾಕು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಈ ರೋಗ ಮೊದಲು ಕಾಣಿಸಿದ್ದು 1967ರಲ್ಲಿ, ಎಸ್ಟೆಸ್ ಪಾರ್ಕ್‌ನಿಂದ ಒಂದು ಗಂಟೆಯ ಹಾದಿಯ ಫೋರ್ಟ್ ಕಾಲಿನ್ಸ್‌ನಲ್ಲಿ ಸಂಶೋಧನೆಗೆಂದು ಕೂಡಿಹಾಕಿದ್ದ ಜಿಂಕೆಗಳಲ್ಲಿ. 1981ರಲ್ಲಿ ರಾಕಿ ಮೌಂಟನ್ ಉದ್ಯಾನದ ಕಾಡು ಎಲ್ಕ್‌ನಲ್ಲೇ ಸಿಕ್ಕಿತು. ಇದಕ್ಕೆ ಕಾರಣ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ. ಪ್ರಿಯಾನ್ ಎಂಬ, ತಪ್ಪಾಗಿ ಮಡಚಿಕೊಂಡ ಪ್ರೋಟೀನು. ಅದು ಮಿದುಳಿನ ಸರಿಯಾದ ಪ್ರೋಟೀನುಗಳನ್ನೂ ತನ್ನಂತೆಯೇ ಮಡಚಿಸುತ್ತ ಹೋಗುತ್ತದೆ. ಸೋಂಕು ತಗಲಿ ಒಂದೂವರೆ ಎರಡು ವರ್ಷ ಪ್ರಾಣಿ ಆರೋಗ್ಯವಾಗಿಯೇ ಕಾಣುತ್ತದೆ, ಆ ದಿನಗಳಲ್ಲೇ ಜೊಲ್ಲಿನಲ್ಲಿ ರೋಗ ಹರಡತೊಡಗುತ್ತದೆ. ಕೊನೆಗೆ ಸೊರಗಿ, ಜೊಲ್ಲು ಸುರಿಸುತ್ತ, ತೂರಾಡುತ್ತ ಸಾಯುತ್ತದೆ. ಔಷಧಿಯಿಲ್ಲ. ಪ್ರಿಯಾನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ಈ ರೋಗ ಬಂದ ಪುರಾವೆ ಈವರೆಗೆ ಇಲ್ಲ, ಆದರೂ ಸೋಂಕಿದ ಪ್ರಾಣಿಯ ಮಾಂಸ ತಿನ್ನಬೇಡಿ ಎಂದೇ ಆರೋಗ್ಯ ಇಲಾಖೆಗಳ ಸಲಹೆ.

ಕರುಣೆಯಿಂದ ಹಾಕಿದ ಮೇವು ಹೇಗೆ ಬಿಡಿಸಿಕೊಳ್ಳಲಾಗದ ಗಂಟಾಗುತ್ತದೆ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ವಯೋಮಿಂಗ್ ರಾಜ್ಯದ ಜಾಕ್ಸನ್‌ಗೆ ಹೋಗಬೇಕು. ಜಾಕ್ಸನ್ ಊರು, ದನ ಸಾಕುವ ರ್‍ಯಾಂಚುಗಳು ಬೆಳೆದು ಎಲ್ಕ್‌ಗಳ ಚಳಿಗಾಲದ ಹುಲ್ಲುಗಾವಲು, ಹಳೆಯ ವಲಸೆಯ ದಾರಿಗಳು ಕಟ್ಟಿಹೋದವು. 1900ರ ನಂತರದ ಕೆಲವು ಕಡುಚಳಿಗಾಲಗಳಲ್ಲಿ ಅವು ಹಿಂಡುಹಿಂಡಾಗಿ ಹಸಿವಿನಿಂದ ಸತ್ತವು. ಊರವರ ಮನ ಕರಗಿತು, ಒಣಹುಲ್ಲು ಹಾಕಿದರು, 1912ರಲ್ಲಿ ರಾಷ್ಟ್ರೀಯ ಎಲ್ಕ್ ಆಶ್ರಯಧಾಮ ಸ್ಥಾಪನೆಯಾಯಿತು. ಈಗಲೂ ಚಳಿಗಾಲದಲ್ಲಿ ಸಾವಿರಾರು ಎಲ್ಕ್ ಅಲ್ಲಿ ಸೇರುತ್ತವೆ, ಬೇಕಾದ ವರ್ಷ ಅವಕ್ಕೆ ಕುದುರೆ ಮಸಾಲೆ ಸೊಪ್ಪಿನ ಗುಳಿಗೆಗಳನ್ನು ಸಾಲಾಗಿ ಸುರಿಯುತ್ತಾರೆ. ಪಶುಗಳ ಮೇವೇ ಆದ್ದರಿಂದ ಹೊಟ್ಟೆಗೆ ಜೋಳದಷ್ಟು ಕೇಡಿಲ್ಲ. ಇದಲ್ಲದೆ ರಾಜ್ಯ ಸರ್ಕಾರ ಇಪ್ಪತ್ತಕ್ಕೂ ಹೆಚ್ಚು ಮೇವುತಾಣಗಳನ್ನು ನಡೆಸುತ್ತ ಬಂದಿದೆ.

ಹಸಿದ ಪ್ರಾಣಿಗೆ ಹುಲ್ಲು ಹಾಕಿದವರನ್ನು ನಾನು ತಪ್ಪೆನ್ನಲಾರೆ. ಆದರೆ ನೂರು ವರ್ಷದಲ್ಲಿ ಏನಾಯಿತು? ಒತ್ತೊತ್ತಾಗಿ ನಿಲ್ಲುವ ಆ ಹಿಂಡುಗಳಲ್ಲಿ ಗಬ್ಬದ ಪ್ರಾಣಿಯ ಗರ್ಭ ಬೀಳಿಸುವ ಕಂದು ರೋಗ, ಅಂದರೆ ಬ್ರೂಸೆಲ್ಲೋಸಿಸ್, ನೆಲೆಯೂರಿತು. ಹೆಣ್ಣೊಂದು ಕಂದು ಹಾಕಿದರೆ ಅದನ್ನು ಮೂಸಿ ನೆಕ್ಕಿದ ಇತರ ಎಲ್ಕ್‌ಗಳಿಗೂ ಸೋಂಕು. ಅಲ್ಲಿಂದ ದನಗಳಿಗೂ ದಾಟೀತೆಂದು ರೈತರಿಗೆ ಭಯ. 2020ರ ಡಿಸೆಂಬರ್‌ನಲ್ಲಿ ಪಕ್ಕದ ಗ್ರ್ಯಾಂಡ್ ಟೀಟನ್ ಉದ್ಯಾನದ ಎಲ್ಕ್ ಒಂದರಲ್ಲಿ ಪ್ರಿಯಾನ್ ರೋಗ ಪತ್ತೆಯಾಯಿತು, 2025ರ ಹೊತ್ತಿಗೆ ರಾಜ್ಯದ ಕೆಲವು ಮೇವುತಾಣಗಳಿಗೂ ಬಂತು. ಮೇವು ನಿಲ್ಲಿಸಿದರೆ ಮೊದಮೊದಲ ಚಳಿಗಾಲಗಳಲ್ಲಿ ಎಷ್ಟೋ ಸಾಯುತ್ತವೆ, ಉಳಿದವು ರೈತರ ಬಣವೆಗಳಿಗೆ, ದನಗಳ ನಡುವೆ ನುಗ್ಗುತ್ತವೆ. ಮುಂದುವರಿಸಿದರೆ ಮಣ್ಣಿಗೇ ರೋಗ ಇಳಿಯುತ್ತದೆ. ಪಶುವೈದ್ಯರು, ರೈತರು, ಬೇಟೆಗಾರರು, ಸರ್ಕಾರ ಎಲ್ಲರೂ ವರ್ಷಗಳಿಂದ ಇದರ ಮೇಲೆ ಜಗ್ಗಾಡುತ್ತಿದ್ದಾರೆ. ಯಾರಿಗೂ ಎಲ್ಕ್ ಮೇಲೆ ದ್ವೇಷವಿಲ್ಲ.

ನಮ್ಮವರ ಕೈ ಯಾಕೆ ಮುಂದೆ ಹೋಗುತ್ತದೆ ಎಂದು ನನಗೆ ಗೊತ್ತು. ಉಣ್ಣುವ ಮೊದಲು ಗೋಗ್ರಾಸ ತೆಗೆದಿಡುವ, ಬಾಳೆಹಣ್ಣಿನ ಸಿಪ್ಪೆಯನ್ನೂ ಎಸೆಯದೆ ದನದ ಬಾಯಿಗಿಡುವ ಮನೆಗಳಿಂದ ಬಂದವರು ನಾವು. ಬಾಗಿಲಿಗೆ ಬಂದ ಪ್ರಾಣಿಯನ್ನು ಬರಿಬಾಯಲ್ಲಿ ಕಳಿಸಲು ಮನಸ್ಸು ಬರುವುದಿಲ್ಲ. ಕೊಟ್ಟಿಗೆಯ ಹಸುವಿನ ಜೊತೆ ನಮಗೆ ದಿನದಿನದ ಸಂಬಂಧವಿದೆ. ಅದರ ಮೇವು, ಅದರ ಕಾಯಿಲೆ, ಅದರ ಬಾಣಂತನ ಎಲ್ಲ ನಮ್ಮ ಹೊಣೆ. ಎಲ್ಕ್‌ಗೆ ಹೋಳು ಕೊಟ್ಟವರು ಸಂಜೆಗೆ ಡೆನ್ವರ್‌ಗೆ ಹಿಂದಿರುಗುತ್ತಾರೆ. ಬಂಡೀಪುರದ ರಸ್ತೆಯಲ್ಲಿ ಕಾರು ನಿಲ್ಲಿಸಿ ಚುಕ್ಕೆಜಿಂಕೆಗೆ ಬಿಸ್ಕತ್ತು ಎಸೆಯುವವರದ್ದೂ ಇದೇ ಕಥೆ, ಅಲ್ಲೂ ಅರಣ್ಯ ಇಲಾಖೆ ಬೇಡವೆಂದೇ ಹೇಳುತ್ತದೆ.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ವನ್ಯಜೀವಿಗೆ ತಿನಿಸು ಕೊಡುವುದು ಅಪರಾಧ, 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ಕೊಲರಾಡೊದಲ್ಲಿ ಸ್ವಂತ ಹಿತ್ತಿಲಿನಲ್ಲಿ ಎಲ್ಕ್, ಜಿಂಕೆಗೆ ಮೇವಿಡುವುದೂ ಕಾನೂನುಬಾಹಿರ, ಉಪ್ಪಿನ ಗಡ್ಡೆ ಇಟ್ಟರೂ ಅಷ್ಟೇ. ಯೆಲ್ಲೋಸ್ಟೋನ್‌ನಲ್ಲಿ ಎಲ್ಕ್‌ನಿಂದ ಕನಿಷ್ಠ 23 ಮೀಟರ್ ದೂರ ಇರಬೇಕು. ಮಕ್ಕಳಿಗೆ ಇಲ್ಲಿನವರು ಕಲಿಸುವ ಉಪಾಯ ಸುಲಭದ್ದು. ಕೈ ನೇರ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಎಲ್ಕ್‌ನ ಮೇಲಿಟ್ಟು ನೋಡುವುದು. ಹೆಬ್ಬೆರಳಿನಿಂದ ಎಲ್ಕ್ ಪೂರ್ತಿ ಮುಚ್ಚಿಹೋದರೆ ಸರಿ, ಮೈ ಹೊರಗೆ ಕಂಡರೆ ಇನ್ನೂ ಹಿಂದೆ ಹೋಗಬೇಕು. ನನ್ನ ಅಣ್ಣನ ಮಕ್ಕಳಿಗೆ ಇದೊಂದು ಆಟವೇ ಆಗಿದೆ.

ಎಲ್ಕ್ ತಾನಾಗಿ ಹತ್ತಿರ ಬಂದರೆ ಬೆನ್ನು ತೋರಿಸಿ ಓಡದೆ, ಮಕ್ಕಳನ್ನು ಎತ್ತಿಕೊಂಡು ಹಿಂದೆ ಹಿಂದೆ ಸರಿಯಿರಿ. ಕಾರು, ದಪ್ಪ ಮರ, ಗೋಡೆ, ಏನಾದರೂ ನಡುವೆ ಬರುವಂತೆ ನೋಡಿಕೊಳ್ಳಿ. ಕೈಲಿ ತಿನಿಸಿದ್ದರೆ ಚೀಲದೊಳಗೆ ಹಾಕಿ, ಎಸೆಯಬೇಡಿ, ಎಸೆದರೂ ಅದು ಕೊಟ್ಟಂತೆಯೇ. ಬೆದೆಗಾಲದಲ್ಲಿ ರಾಕಿ ಮೌಂಟನ್ ಉದ್ಯಾನದ ಮೊರೇನ್ ಪಾರ್ಕ್, ಹಾರ್ಸ್‌ಶೂ ಪಾರ್ಕ್‌ಗಳಂಥ ಹುಲ್ಲುಗಾವಲುಗಳಿಗೆ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಕಾಲಿಡುವಂತಿಲ್ಲ, ರಸ್ತೆಬದಿಯಿಂದಲೇ ನೋಡಬೇಕು. ಒಳ್ಳೆಯ ದುರ್ಬೀನು ಒಂದಿದ್ದರೆ ಕಣ್ಣಿನ ರೆಪ್ಪೆಯವರೆಗೂ ಕಾಣುತ್ತದೆ.

ಜೂನ್‌ನಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಪೊದೆಯ ಬುಡದಲ್ಲಿ, ಕೆಲವೊಮ್ಮೆ ಮನೆಯ ಮೆಟ್ಟಿಲ ಪಕ್ಕದಲ್ಲೇ, ಮೈಮೇಲೆ ಚುಕ್ಕೆಯಿರುವ ಎಲ್ಕ್ ಮರಿ ಅಲುಗಾಡದೆ ಒಂಟಿಯಾಗಿ ಮಲಗಿರುವುದು ಕಾಣಬಹುದು. ತಾಯಿ ಬಿಟ್ಟುಹೋಗಿದೆ, ಹಸಿದಿದೆ ಎಂದು ಹಾಲು ಕುಡಿಸಲು ಹೋಗುವವರಿದ್ದಾರೆ. ಹುಟ್ಟಿದ ಮೊದಲ ಎರಡು ಮೂರು ವಾರ ಮರಿಗೆ ವಾಸನೆ ತೀರಾ ಕಡಿಮೆ, ಅಲುಗಾಡದೆ ಮಲಗುವುದೇ ಅದಕ್ಕೆ ಕಾವಲು. ತಾಯಿ ಬೇಕೆಂದೇ ದೂರ ಮೇಯುತ್ತ ಇದ್ದು, ಹಾಲೂಡಿಸಲು ಮಾತ್ರ ಬರುತ್ತದೆ. ಮುಟ್ಟದೆ, ಫೋಟೊಗೂ ನಿಲ್ಲದೆ, ಬಂದ ದಾರಿಯಲ್ಲೇ ಹಿಂದಿರುಗಿ. ಮರುದಿನವೂ ಅಲ್ಲೇ ಅರಚುತ್ತಿದ್ದರೆ ಅಥವಾ ತಾಯಿ ಸತ್ತುಬಿದ್ದದ್ದು ಕಂಡರೆ ಕೊಲರಾಡೊದ ವನ್ಯಜೀವಿ ಇಲಾಖೆಗೆ ಫೋನ್ ಮಾಡಿ ಜಾಗ ತಿಳಿಸಿ.